ಪಾಜಿಯ ಗಂಟು

ನನ್ನ ಮುಖದ ಮೇಲೆ ಏಳುನೂರು ಘಟಸರ್ಪಗಳು ಸತ್ತಿವೆ. ಬೇಕಾದರೆ ಬೆಟಗೇರಿಗೆ ಬಂದು ಕೇಳಿ. ಯಾರೂ ಹೌದೆನ್ನುವುದಿಲ್ಲ, ಯಾಕೆಂದರೆ ಅರ್ಧ ಸುಳ್ಳು. ಸರ್ಪ ಇದ್ದದ್ದು ಒಂದೇ. ಏಳುನೂರು ಸಲ ಅದರೆದುರು ನಿಂತದ್ದು ಖರೆ; ಸತ್ತವರು ಮಾತ್ರ ಪ್ರತಿ ಸಲವೂ ನಮ್ಮ ಕಡೆಯವರು. ಅದನ್ನು ಯಾರು ಹೇಳಿಕೊಳ್ಳುತ್ತಾರೆ?

ನಾನು ಒಂದು ಮಾನಿಟರು, ಕಂಪ್ಯೂಟರಿನ ಮುಖ. ಈಗ ಬರುವ ಹಪ್ಪಳದಂಥವಳಲ್ಲ. ಮುಂದೆ ಉಬ್ಬಿದ ಗಾಜು, ಹಿಂದೆ ನೀರಿನ ಹಂಡೆಯಷ್ಟು ಬೆನ್ನು. ನಾನು ಕೂತರೆ ಮೇಜಿನ ಕಾಲು ಗೇಣುದ್ದ ನೆಲದೊಳಗೆ ಇಳಿಯುತ್ತಿತ್ತು. ನನ್ನನ್ನು ಎತ್ತಿಟ್ಟವರು ಮುಂದಿನ ಹಬ್ಬದವರೆಗೆ ಸೊಂಟ ಹಿಡಿದುಕೊಂಡು ತಿರುಗುತ್ತಿದ್ದರು.

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಗಾಜನ್ನು ಕಾಯಿಸಿ ಅಚ್ಚಿಗೆ ಒತ್ತಿ ನನಗೆ ಮುಖ ಮಾಡಿದರು. ಆಮೇಲೆ ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಬಾಯಿ ಮುಚ್ಚಿದರು. ಅಂದಿನಿಂದ ನನ್ನೊಳಗೆ ಏನೂ ಇಲ್ಲ, ಗಾಳಿ ಕೂಡ ಇಲ್ಲ. ಅದಕ್ಕೇ ಏನು ನಡೆದರೂ ನನಗೆ ಏನೂ ಅನ್ನಿಸುವುದಿಲ್ಲವೇನೋ. ಅಳಬೇಕೆಂದರೂ ನನಗೆ ಕರೆಂಟು ಬೇಕು.

ಮೊದಲು ನನ್ನನ್ನು ತಂದು ಇಳಿಸಿದ್ದು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ನನ್ನ ಲಗ್ನವಾದದ್ದೂ ಅಲ್ಲೇ. ಪಕ್ಕದಲ್ಲಿ ಒಂದು ಬಿಳಿ ಡಬ್ಬಿ ನಿಲ್ಲಿಸಿ, ಅವರ ಬೆನ್ನಿಗೂ ನನ್ನ ಬೆನ್ನಿಗೂ ಒಂದು ತಂತಿ ಸಿಕ್ಕಿಸಿ, ಎರಡೂ ತುದಿಗೆ ತಿರುಪು ಬಿಗಿದರು. ನನ್ನ ತಾಳಿ ಅದೇ. ನಮ್ಮವರ ಹೆಸರನ್ನು ನಾನು ಹೇಳುವುದಿಲ್ಲ. ಜನ ಡಬ್ಬಿ ಎನ್ನುತ್ತಿದ್ದರು, ನಾನು ನಮ್ಮವರು ಎನ್ನುತ್ತೇನೆ. ಲೆಕ್ಕ, ನೆನಪು, ಬುದ್ಧಿ ಎಲ್ಲ ಅವರ ಹೊಟ್ಟೆಯಲ್ಲಿ. ಅವರು ಒಳಗೆ ಅಂದುಕೊಂಡದ್ದನ್ನು ನಾನು ಮುಖದಲ್ಲಿ ತೋರಿಸಬೇಕು, ಅಷ್ಟೇ ನನ್ನ ಸಂಸಾರ.

ಕ್ಲಾಸಿನಲ್ಲಿ ಅಷ್ಟು ವರ್ಷ ಇದ್ದೂ ನನಗೆ ಓದು ಹತ್ತಲಿಲ್ಲ. ಅಕ್ಷರ ನನ್ನ ಮೈಮೇಲೆಯೇ ಮೂಡುತ್ತಿತ್ತು, ಆದರೆ ಮೈಮೇಲೆ ಹಚ್ಚೆ ಹಾಕಿಸಿಕೊಂಡ ಮಾತ್ರಕ್ಕೆ ಅದನ್ನು ಓದಲು ಬರುತ್ತದೆಯೇ? ಕ್ಲಾಸು ಮುಚ್ಚಿದಾಗ ನಮ್ಮಿಬ್ಬರನ್ನೂ ಜೋಡಿಯಾಗಿಯೇ ಕೊಂಡವನು ಬೆಟಗೇರಿಯ ಅಂದಾನೆಪ್ಪ. ಟೆಂಪೋದಲ್ಲಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಆ ತೊಡೆ ಇನ್ನೂ ಚಪ್ಪಟೆಯಾಗಿಯೇ ಇದೆ ಎಂದು ಹೇಳುತ್ತಿದ್ದೆ; ಈಗ ಅವನಿಲ್ಲ, ತೊಡೆಯೂ ಇಲ್ಲ.

ಅಂದಾನೆಪ್ಪನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಅಚ್ಚು ಹಾಕುವವನು ಅವನು. ನನ್ನೆದುರು ಕೂತು ಅಕ್ಷರ ಜೋಡಿಸುವವಳು ಅವನ ಹೆಂಡತಿ ಕಸ್ತೂರಿ. ಕೀಲಿಮಣೆಯಲ್ಲಿ ಸ್ಕ್ರೋಲ್ ಲಾಕ್ ಅಂತ ಒಂದು ಕೀಲಿ ಇದೆ. ಅದನ್ನು ಒತ್ತಿದರೆ ಮೂಲೆಯಲ್ಲಿ ಪುಟ್ಟ ಹಸಿರು ದೀಪ ಹತ್ತುತ್ತದೆ. ದೀಪ ಇರುವಷ್ಟು ಹೊತ್ತು ಒತ್ತಿದ್ದೆಲ್ಲ ಕನ್ನಡ. ಆ ದೀಪದಲ್ಲಿ ಕಸ್ತೂರಿ ಗದಗ ಜಿಲ್ಲೆಯ ಎಲ್ಲ ಮದುಮಕ್ಕಳ ಹೆಸರು ಜೋಡಿಸಿದ್ದಾಳೆ. ಮದುವೆಯಾಗದವರದ್ದೂ ಜೋಡಿಸಿಬಿಟ್ಟಿದ್ದಾಳೇನೋ, ಅಷ್ಟು.

ಹಾಗೆ ಊರಿನವರ ಹೆಸರೆಲ್ಲ ಬೆರಳ ತುದಿಯಲ್ಲಿದ್ದರೂ ಆ ಗಂಡಹೆಂಡಿರ ನಡುವೆ ಹೆಸರಿನ ಸುದ್ದಿಯೇ ಇರಲಿಲ್ಲ. ಅವಳು ಅವನನ್ನು 'ಇವರು' ಎನ್ನುವಳು. ಅವನು ಅವಳನ್ನು 'ಏ, ಕೇಳಿಲ್ಲೆ' ಎನ್ನುವನು. ಸೀಮಂತಕ್ಕೆ ಹೋದಾಗ ಹೆಂಗಸರು ಬಾಗಿಲು ಅಡ್ಡಗಟ್ಟಿ, ಒಡಪಿನ ಪದ್ಯ ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುವುದು ಇಲ್ಲಿನ ಪದ್ಧತಿ. ಕಸ್ತೂರಿ ಹೊರಗೇ ಕೂತು ಬುತ್ತಿ ಉಂಡು ಬಂದವಳು.

ಒಂದು ದಿನ ಕಂಪ್ಯೂಟರಿಗೆ ಏನೋ ರೋಗ ಬಡಿದು, ಅಕ್ಷರಗಳಿಗೆ ಕನ್ನಡದ ರೂಪ ಕೊಡುವ ಫಾಂಟುಗಳೆಲ್ಲ ಅಳಿಸಿಹೋದವು. ಪತ್ರಿಕೆಗಳು ನನ್ನ ಮೇಲೆ ಮೂಡಿದವು, ಆದರೆ ಕನ್ನಡವಾಗಿ ಅಲ್ಲ. ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರ, ಬಾಲ ಮುರಿದ ಚುಕ್ಕೆ, ಕೊಂಬು, ಕೊಕ್ಕೆ. ಕೋಳಿ ಕಾಲು ತೊಳೆಯದೆ ಓಡಾಡಿದ ಹಾಗೆ. ಲಗ್ನದವರು ಬಾಗಿಲಲ್ಲಿ ನಿಂತಿದ್ದರು. ಅಂದಾನೆಪ್ಪ ಬೆವರಿದ ಬೆವರಿನಲ್ಲಿ ಒಂದು ಎಮ್ಮೆ ತೊಳೆಯಬಹುದಿತ್ತು. ಕಸ್ತೂರಿ ಸುಮ್ಮನೆ ಗಾಜಿನ ಮೇಲೆ ಬೆರಳಿಟ್ಟು ಆ ಕೋಳಿಹೆಜ್ಜೆಯನ್ನೇ ಓದಿದಳು: ಇದು ಗುರುಸಿದ್ದವ್ವ, ಇದು ಹನಮಂತ, ಇದು ಮುಹೂರ್ತ. ದಿನವೂ ನೋಡಿ ನೋಡಿ ಯಾವ ಕನ್ನಡದ ಅಕ್ಷರ ಯಾವ ವೇಷ ಹಾಕುತ್ತದೆ ಎಂಬುದು ಅವಳಿಗೆ ಬಂದುಬಿಟ್ಟಿತ್ತು.

"ನೀ ಭೂತದ ಭಾಷಾ ಓದ್ತಿ ನೋಡು" ಎಂದ ಅಂದಾನೆಪ್ಪ.

"ಭೂತದ ಜೋಡಿ ಸಂಸಾರ ಮಾಡಾಕತ್ತು ಎಷ್ಟ ವರ್ಷಾತು. ಕಲೀಲಾರದ ಇರ್ತೀನೇನು" ಎಂದಳು.

ಅವನು ನಕ್ಕ. ಆ ನಗು ನಿಮಗೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಭಾನುವಾರ ಅಂಗಡಿಗೆ ಅರ್ಧ ದಿನ ಸೂಟಿ. ಮಧ್ಯಾಹ್ನ ಊಟವಾದ ಮೇಲೆ ಕಸ್ತೂರಿ ಪರದೆಯ ಹಿಂದೆ ಹೋಗುವಳು, ಮೂವರು ಗಂಡಸರು ನನ್ನ ಮುಂದೆ ಕೂರುವರು. ಒಬ್ಬ ಅಂದಾನೆಪ್ಪ. ಇನ್ನೊಬ್ಬ ಗಡಿಯಾರ ರಿಪೇರಿಯ ದಾವಲಸಾಬ. ಮೂರನೆಯವನು ಔಷಧಿ ಅಂಗಡಿಯ ಪಲ್ಲಣ್ಣ ದೇಸಾಯಿ. ಮೂವರಿಗೂ ಒಂದೇ ಹುಚ್ಚು: ಹಳೆಯ ಕಾಲದ ಕಂಪ್ಯೂಟರ್ ಆಟಗಳು. ಗುಂಡು ಹಾರಿಸಿ ಮುಗಿಸುವ ಆಟವಲ್ಲ. ಒಂದು ತಂಡ ಕಟ್ಟಿ, ಅದರಲ್ಲಿ ಒಬ್ಬೊಬ್ಬರಿಗೂ ಹೆಸರಿಟ್ಟು, ಬಲ ಬುದ್ಧಿ ಹಂಚಿ, ಊರೂರು ಅಲೆಸಿ, ಮಾತಾಡಿಸಿ, ಬಡಿದಾಡಿಸಿ, ವರ್ಷಗಟ್ಟಲೆ ಸಾಕುವ ಆಟ. ಮಕ್ಕಳನ್ನು ಸಾಕಿದ್ದರೆ ಅಷ್ಟು ಹೊತ್ತಿಗೆ ಅವು ಮದುವೆಗೆ ಬರುತ್ತಿದ್ದವು.

ಆಟಗಳ ಹೆಸರೆಲ್ಲ ಇಂಗ್ಲಿಷು. ಅವರು ಇಟ್ಟುಕೊಂಡ ಅಡ್ಡಹೆಸರು ಹೇಳುತ್ತೇನೆ. ಬೂದಿ ದಾರಿ, ಹಾಳು ಬಾವಿ, ಉಪ್ಪಿನ ಕೋಟೆ. ಯಾರಾದರೂ ಹೊಸಬರು ಬಂದು, ಹಳೆಯ ಆಟಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ಸಾಕು, ಕನ್ಯೆ ತೋರಿಸುವವರ ಹಾಗೆ ಮೂವರೂ ಮುಗಿಬೀಳುತ್ತಿದ್ದರು. ಪಲ್ಲಣ್ಣ ಬೂದಿ ದಾರಿಯ ಕಡೆಯವನು. ಅದರಲ್ಲಿ ಕತ್ತಿ ಎತ್ತದೆ, ಬರೀ ಮಾತಿನಲ್ಲಿ ಕಳ್ಳರ ದೊರೆಯನ್ನೂ ಸೋಲಿಸಬಹುದಂತೆ. ದಾವಲಸಾಬನಿಗೆ ಹಾಳು ಬಾವಿಯೇ ಆಟ, ಉಳಿದದ್ದು ಕಾಲಹರಣ. ಅದರಲ್ಲಿ ನಕ್ಷೆ ಇಲ್ಲ, ಆಡುವವನೇ ಬರೆದುಕೊಳ್ಳಬೇಕು. ಕೆಟ್ಟುಹೋದ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಅವನು ಸುರಂಗ ಬರೆಯುತ್ತಿದ್ದ. ಒಂದು ಕಡೆ ಶುಭವಿವಾಹ, ತಿರುವಿದರೆ ರಾಕ್ಷಸನ ಮನೆ. ಕೆಲವು ಸಂಸಾರಕ್ಕೆ ಎರಡೂ ಕಡೆ ಸರಿಯಾಗಿಯೇ ಹೊಂದುತ್ತಿತ್ತು. ಕೇಳಿದ ಹೊಸಬ ಮಾತ್ರ ಯಾವ ಆಟವನ್ನೂ ಒಯ್ಯದೆ, ಸಿಟ್ಟಾದ ಮೂವರನ್ನು ಸಮಾಧಾನ ಮಾಡಿ ಹೋಗುತ್ತಿದ್ದ.

ಮೂವರೂ ಒಪ್ಪಿ ಜೊತೆಗೂಡಿ ಆಡಿದ್ದು ಉಪ್ಪಿನ ಕೋಟೆಯೊಂದನ್ನೇ. ಆ ಆಟಕ್ಕೆ ನಾಲ್ವರ ತಂಡ ಬೇಕು. ಅಂದಾನೆಪ್ಪನ ಕತ್ತಿಯವನ ಹೆಸರು ಬಂಡೆ. ದಾವಲಸಾಬನ ಕಳ್ಳ, ಸುಲ್ತಾನ. ಪಲ್ಲಣ್ಣನ ಮಂತ್ರದವನು, ಆಚಾರಿ. ನಾಲ್ಕನೆಯವಳು ಗಾಯಕ್ಕೆ ಮದ್ದು ಕಟ್ಟುವ ಒಬ್ಬ ಹೆಂಗಸು. ಅವಳಿಗೆ ಹೆಸರಿಟ್ಟವನು ಅಂದಾನೆಪ್ಪ. ಬೆಳಿಗ್ಗೆಯ ಪತ್ರಿಕೆಯ ಕೆಲಸದಲ್ಲಿ ಹತ್ತಿಸಿದ ಹಸಿರು ದೀಪ ಆರಿಸುವುದನ್ನು ಅವನು ಮರೆತಿದ್ದ. ಒತ್ತಿದ್ದು ಕನ್ನಡ, ಆಟದಲ್ಲಿ ಕನ್ನಡದ ಫಾಂಟು ಎಲ್ಲಿಂದ ಬರಬೇಕು? ಕೋಳಿಹೆಜ್ಜೆ ಮೂಡಿತು. ಅವನು ಅಳಿಸಲು ಬೆರಳು ಎತ್ತಿದ. ಆಮೇಲೆ ಅದನ್ನೇ ನೋಡುತ್ತ ಕೂತ, ನಕ್ಕ, ಹಾಗೇ ಬಿಟ್ಟ. ಅದೇ ಹಳೆಯ ನಗು.

ಪಲ್ಲಣ್ಣ ಮೂಗು ನನ್ನ ಗಾಜಿಗೆ ತಾಗಿಸಿ ಓದಿದ. ಮೊದಲು ಪಿ, ಆಮೇಲೆ ಗೀರು ಹೊತ್ತ ಎ, ನಡುವೆ ಏನೇನೋ ಕೊಕ್ಕೆ, ಕೊನೆಗೆ ಜೆ. ಯಾರ ಹೆಸರೋ ಇದು ಎಂದು ಕೇಳಿದರೆ ಅಂದಾನೆಪ್ಪ, ಪರದೇಶಿ ಹೆಸರು ಎಂದ. ದಾವಲಸಾಬ ಪಿ ಮತ್ತು ಜೆ ಜೋಡಿಸಿ 'ಪಾಜಿ' ಎಂದು ಕರೆದ. ಅವನ ಮನೆಮಾತಿನಲ್ಲಿ ಪಾಜಿ ಎಂದರೆ ಕಿಡಿಗೇಡಿ. ಅದೇ ನಿಂತಿತು.

ಅವರದು ಇನ್ನೊಂದು ಮಾತಿತ್ತು. ಆಟವನ್ನು ನಿಲ್ಲಿಸುವ ಮುಂಚೆ ಅಲ್ಲಿಯವರೆಗಿನದನ್ನು ಉಳಿಸಿಡಬೇಕಲ್ಲ, ಅದಕ್ಕೆ ಅವರು 'ಗಂಟು ಹಾಕುವುದು' ಎನ್ನುತ್ತಿದ್ದರು. ಮರ್ಯಾದಸ್ತರು ಒಂದೇ ಗಂಟು ಇಡಬೇಕು, ಹೊಸ ಗಂಟು ಹಾಕಿದರೆ ಹಳೆಯದು ಹೋಯಿತು ಎಂಬುದು ಅವರ ನೇಮ. ಪರದೆಯ ಹಿಂದೆ ಶೇಂಗಾ ಸುಲಿಯುತ್ತ ಕೂತವಳಿಗೆ ಕೇಳಿಸುವುದೇನು? ಪಾಜಿಗೆ ಬಂಗಾರದ ಅಂಗಿ ತೊಡಿಸಿದೆ. ಪಾಜಿಗೆ ಉಂಗುರ ಹಾಕಿದೆ. ಪಾಜಿಯ ಜೋಡಿ ಗಂಟು ಹಾಕಿಯೇ ಎದ್ದೆ. ಕಸ್ತೂರಿ ಒಮ್ಮೆ, ಯಾರದು ಪಾಜಿ ಎಂದು ಕೇಳಿದ್ದಳು. ಅಂದಾನೆಪ್ಪ, ಅದಾಳ ಒಬ್ಬಾಕಿ, ಆಟ ಮುಗಿದ ಮ್ಯಾಲೆ ತೋರಿಸ್ತೀನಿ ಎಂದಿದ್ದ. ಅಂದು ಸಂಜೆಯ ಸಾರಿಗೆ ಅವಳು ಹಾಕಿದ ಖಾರಕ್ಕೆ ಬೀದಿಯ ನಾಯಿಗಳೂ ನೀರು ಹುಡುಕಿದವು.

ಗೆಳೆಯರಿಗೂ ಪಾಜಿಯ ಮೇಲೆ ಸಿಟ್ಟಿತ್ತು.

"ಈಕಿ ಕತ್ತಿ ಹಿಡಿಯಾಂಗಿಲ್ಲ, ಮಂತ್ರ ಹಾಕಾಂಗಿಲ್ಲ. ಛಲೋ ಅಂಗಿ ಎಲ್ಲಾ ಈಕಿಗ್ಯಾಕೋ ಮಾರಾಯಾ?" ಎಂದು ದಾವಲಸಾಬ ಕೇಳುತ್ತಿದ್ದ.

"ಆಕಿ ಹಿಂದ ನಿಂತಾಳಂತನ ನಾವು ಮುಂದ ನಿಂತೇವಿ" ಎನ್ನುತ್ತಿದ್ದ ಅಂದಾನೆಪ್ಪ.

ಕೊನೆಗೆ ಒಂದು ಭಾನುವಾರ ತಂಡ ಮತ್ತೆ ಆ ಘಟಸರ್ಪದ ಗುಹೆಯೊಳಗೆ ಸಿಕ್ಕಿಬಿದ್ದಿತ್ತು. ಸುಲ್ತಾನ ಬಿದ್ದ. ಆಚಾರಿ ಸುಟ್ಟುಹೋದ. ಪಾಜಿಗೆ ಅಡ್ಡ ನಿಂತ ಬಂಡೆಯೂ ಬಿದ್ದ. ಸರ್ಪ ಬೆನ್ನು ತಿರುಗಿಸಿದ ಕ್ಷಣದಲ್ಲಿ ಅಂದಾನೆಪ್ಪ ಪಾಜಿಯನ್ನು ಒಂದು ಬಿರುಕಿನೊಳಗೆ ಸರಿಸಿ ಗಂಟು ಹಾಕಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡ. ಬೆವರು ಬಂತು. ಈ ಸಲ ನಾನು ಎಮ್ಮೆಯ ಮಾತಾಡುವುದಿಲ್ಲ. ದಾವಲಸಾಬ ಅವನನ್ನು ಹಿಡಿದುಕೊಂಡ, ಪಲ್ಲಣ್ಣ ಮಾತ್ರೆ ತರಲು ಓಡಿದ. ಕಸ್ತೂರಿ ಚಹಾದ ತಟ್ಟೆ ಹಿಡಿದು ಪರದೆ ಸರಿಸಿದ್ದೂ ಅವನು ಹೇಳಿದ್ದೂ ಒಂದೇ ಹೊತ್ತಿಗೆ.

"ಪಾಜಿ ಒಬ್ಬಾಕೀನ ಉಳದಾಳ. ಆಕೀನ ಕೈ ಬಿಡಬ್ಯಾಡ್ರಿ."

ಅವನ ಬಾಯಿಂದ ಬಂದ ಕೊನೆಯ ಮಾತು ಅದು. ಹೆಂಡತಿ ಎದುರಿಗೇ ನಿಂತಿದ್ದಳು. ಅವಳಿಗೆ ಅವನು ಏನೂ ಹೇಳಲಿಲ್ಲ.

ಮಣ್ಣು ಮಾಡಿ ಬಂದರು. ದಿನಗಳಾದವು. ಕಸ್ತೂರಿ ಅತ್ತದ್ದನ್ನು ನಾನು ಕಾಣಲಿಲ್ಲ. ಮತ್ತೆ ನನ್ನೆದುರು ಬಂದು ಕೂತಳು, ಹಸಿರು ದೀಪ ಹತ್ತಿಸಿದಳು, ಮದುಮಕ್ಕಳ ಹೆಸರು ಜೋಡಿಸಿದಳು. ಬೆರಳು ಓಡುತ್ತಿದ್ದವು, ಮುಖ ನಿಂತಿತ್ತು. ನನ್ನದೇ ಗಾಜನ್ನು ನಾನು ನೋಡುತ್ತಿದ್ದೇನೋ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು ಎಂದೆನಲ್ಲ, ಅದೂ ದೊಡ್ಡ ಮಾತು. ಏನೂ ಅನ್ನಿಸುತ್ತಿರಲಿಲ್ಲ.

ಒಂದು ಭಾನುವಾರ ಗೆಳೆಯರಿಬ್ಬರೂ ಬಂದು ಬಾಗಿಲಲ್ಲೇ ನಿಂತರು. ಒಳಗೆ ಕರೆದು ಕೂರಿಸಿ ಅವಳು ಕೇಳಿದ್ದು ಒಂದೇ.

"ಪಾಜಿ ಯಾರು?"

ಆಟದಾಗಿನಾಕಿ ರೀ ವೈನಿ, ಖರೇ ಹೆಂಗಸಲ್ಲ, ಎಂದು ಪಲ್ಲಣ್ಣ ಗಡಬಡಿಸಿದ. ದಾವಲಸಾಬ ತನ್ನ ಮಗನ ಮೇಲೆ ಆಣೆ ಇಟ್ಟ.

"ಆಟದಾಗಿನಾಕಿ ಅಂತ ನನಗೂ ತಿಳೀತೈತಿ" ಎಂದಳು ಕಸ್ತೂರಿ. "ಯಾರ ಹೆಸರಿಟ್ಟಿದ್ರು ಆಕಿಗೆ?"

ಅದು ಅವರಿಗೂ ಗೊತ್ತಿರಲಿಲ್ಲ. ಕೇಳಿದ್ದೆವು, ನಕ್ಕಿದ್ದ, ಎಂದರು. ಹೇಳಬಾರದಾಗಿತ್ತು. ನಕ್ಕಿದ್ದ ಎಂಬ ಮಾತು ಅವಳ ಮುಖದ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಕಾಯಿಪಲ್ಲೆ ಹೆಚ್ಚುವಾಗ ಈಳಿಗೆ ತಾಗಿ, ನೋವು ಇನ್ನೂ ಬರದೆ, ಬೆರಳು ಬೆಳ್ಳಗಾಗುತ್ತದಲ್ಲ, ಹಾಗೆ.

ನನಗೆ ಆಕೀನ ತೋರಸ್ರಿ, ಎಂದಳು.

ಇಲ್ಲಿ ನೀವು ಆ ಇಬ್ಬರ ಹುಚ್ಚನ್ನು ತಿಳಿಯಬೇಕು. ಗೆಳೆಯ ಸತ್ತಿದ್ದಾನೆ, ಅವನ ಹೆಂಡತಿ ಕಲ್ಲಾಗಿ ಕೂತಿದ್ದಾಳೆ, ಒಂದು ಕೀಲಿ ಒತ್ತಿ ತೋರಿಸಿದರೆ ಮುಗಿಯಿತು. ಅವರು ಹಾಗೆ ಮಾಡಲಿಲ್ಲ. ಉಪ್ಪಿನ ಕೋಟೆಯನ್ನು ನಡುವಿನಿಂದ ನೋಡಬಾರದು ವೈನಿ, ಅದು ಅಪಚಾರ, ಏನೂ ತಿಳಿಯುವುದಿಲ್ಲ, ಮೊದಲು ಒಂದು ಹಗುರವಾದದ್ದನ್ನು ಆಡಿ ಎಂದು ಶುರು ಮಾಡಿದರು.

"ಬೂದಿ ದಾರಿ ಆಡ್ಲಿ" ಎಂದ ಪಲ್ಲಣ್ಣ. "ಅದರಾಗ ಮಾತಾಡಿ ಗೆಲ್ಲಬಹುದು."

"ವೈನಿ ಈಗ ಮನಿಯಾಗ ಮಾತಾಡಾಂಗಿಲ್ಲ, ಅಲ್ಲೇನ್ ಮಾತಾಡ್ತಾರ? ಹಾಳ ಬಾವಿ ಕೊಡು. ತಗ್ಗಿನ್ಯಾಗ ಇಳದರ ಮನಸ್ಸಿಗೆ ಸಮಾಧಾನ ಆಗತೈತಿ."

"ತಗ್ಗು ಕೊಡತಾನಂತ ಸಮಾಧಾನಕ್ಕ. ನಿನ್ನ ಗಡಿಯಾರದಂಗ ನಿನ್ನ ತಲಿನೂ ನಿಂತೈತಿ."

ಆ ಜಗಳದಲ್ಲಿ ಅವರಿಬ್ಬರಿಗೂ ಮೊದಲ ಸಲ ಕಣ್ಣಲ್ಲಿ ನೀರು ಬಂತು. ಮೂರನೆಯ ದನಿ ಬರಬೇಕಾದ ಜಾಗ ಖಾಲಿ ಇತ್ತು. ಕಸ್ತೂರಿ ಅವರ ಮಾತಿಗೆ ಆ ವಾರ ಬೂದಿ ದಾರಿ ಆಡಿದಳು, ಮುಂದಿನ ವಾರ ಹಾಳು ಬಾವಿ. ಕಸ ಗುಡಿಸುವವಳ ಹಾಗೆ ಆಡಿದಳು: ಒಂದು ಮೂಲೆಯಿಂದ ಶುರು, ಕೊನೆಯ ಮೂಲೆಗೆ ಮುಗಿಯಿತು. ಗೆದ್ದರೂ ಮುಖ ಅಲ್ಲಾಡಲಿಲ್ಲ.

ಈ ನಡುವೆ ನಮ್ಮವರ ಹೊಟ್ಟೆಯಲ್ಲಿ ಸದ್ದು ಶುರುವಾಗಿತ್ತು. ಕಟ್, ಕಟ್ ಎಂದು, ಯಾರೋ ಒಳಗಿನಿಂದ ಅಡಿಕೆ ಕತ್ತರಿಸಿದ ಹಾಗೆ. ಗಂಟು ಇದ್ದದ್ದು ಆ ಹೊಟ್ಟೆಯೊಳಗೆ, ಅದೊಂದೇ ಗಂಟು. ದಾವಲಸಾಬ ಕಿವಿಗೊಟ್ಟು ಕೇಳಿದ. ಎಂಥ ಗಡಿಯಾರ ಯಾವಾಗ ನಿಲ್ಲುತ್ತದೆ ಎಂದು ಸದ್ದಿನಿಂದ ಗೊತ್ತುಮಾಡುವ ಮನುಷ್ಯ. ಅವನ ಮುಖ ಸಣ್ಣದಾಯಿತು. ವೈನಿ, ಇನ್ನ ತಡಾ ಮಾಡೋದು ಬ್ಯಾಡ, ಎಂದ.

ಗಂಟು ಬಿಚ್ಚಿದರು. ನಮ್ಮವರು ಕೆಮ್ಮಿದರು, ಏದುಸಿರು ಬಿಟ್ಟರು, ಕೊನೆಗೆ ಕೊಟ್ಟರು. ನನ್ನ ಮುಖದ ಮೇಲೆ ಕಪ್ಪು ಗುಹೆ ಮೂಡಿತು. ಮೂರು ಕಡೆ ಮೂರು ಎಲುಬಿನ ಗುಡ್ಡೆ. ಬಿರುಕಿನಲ್ಲಿ ಬಂಗಾರದ ಅಂಗಿ ತೊಟ್ಟ ಒಬ್ಬ ಹೆಂಗಸು, ನನ್ನ ಹೆಬ್ಬೆರಳಷ್ಟು ಎನ್ನುತ್ತಿದ್ದೆ, ನನಗೆ ಹೆಬ್ಬೆರಳಿದ್ದಿದ್ದರೆ. ತಲೆಯ ಮೇಲೆ ಸಣ್ಣಗೆ ಆ ಕೋಳಿಹೆಜ್ಜೆ.

ಕಸ್ತೂರಿ ಇಬ್ಬರನ್ನೂ ನೋಡಿ, ಸಕ್ಕರಿ ತೀರೇತಿ, ಚಹಾ ಹೊರಗಿಂದ ತರ್ತೀರೇನು ಎಂದಳು. ಅವರು ಹೋದರು. ಸಕ್ಕರೆ ಡಬ್ಬಿ ತುಂಬ ಇತ್ತು, ನನಗೆ ಗೊತ್ತು.

ಅವಳು ನನ್ನ ಹತ್ತಿರ ಬಂದಳು. ಗಾಜಿನ ಮೇಲೆ ಬೆರಳಿಟ್ಟಳು. ಪಿ, ಗೀರು ಹೊತ್ತ ಎ. ನಿಂತಿತು ಬೆರಳು.

"ಕ" ಎಂದಳು.

ಕೊಕ್ಕೆಗಳ ಮೇಲೆ ಮೆಲ್ಲಗೆ ಸರಿದಳು. "ಸ್ತೂ."

ಕೊನೆಯ ಜೆ ಉಳಿದಿತ್ತು. ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಫಾಂಟು ಹೋದ ದಿನ ಲಗ್ನಪತ್ರಿಕೆಯಲ್ಲಿ ಆ ಜೆ ಬಂದಾಗಲೆಲ್ಲ ಅವಳು 'ರಿ' ಎಂದೇ ಓದಿದ್ದಳು. ಈಗ ಅದನ್ನು ಹೇಳಲಿಲ್ಲ. ಸೆರಗಿನ ತುದಿಯಿಂದ ಅಷ್ಟು ಜಾಗದ ಧೂಳನ್ನು ಮಾತ್ರ ಒರೆಸಿದಳು.

"ಬಾಯಾಗ ಒಮ್ಮ್ಯಾರ ಅನಬಾರದಿತ್ತೇನು" ಎಂದಳು, ನನಗಲ್ಲ.

ಚಹಾ ಬಂತು. ಏನಾದರೂ ತಿಳಿಯಿತೇ ಎಂದು ಪಲ್ಲಣ್ಣ ಕೇಳಿದ. ಪರದೇಶಿ ಹೆಸರು, ಎಂದಳು. ಚಹಾ ಕುಡಿದಳು. ಆಮೇಲೆ ಈ ಹೆಂಗಸನ್ನು ಹೊರಗೆ ಕರೆತರುವುದು ಹೇಗೆ ಎಂದು ಕೇಳಿದಳು. ದಾವಲಸಾಬ ಎಡಕ್ಕೆ ಎಂದ, ಪಲ್ಲಣ್ಣ ಬಲಕ್ಕೆ ಎಂದ. ಅವರು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಕಸ್ತೂರಿ ತಾನೇ ಒಂದೊಂದು ಹೆಜ್ಜೆ ಒತ್ತಿ, ಬೆನ್ನು ತಿರುಗಿಸಿದ್ದ ಸರ್ಪದ ಬಾಲ ದಾಟಿಸಿ, ಪಾಜಿಯನ್ನು ಗುಹೆಯ ಬಾಯಿಗೆ ತಂದು ನಿಲ್ಲಿಸಿದ್ದಳು. ಏಳುನೂರು ಸಲ ಸತ್ತ ಗಂಡಸರು ಬಾಯಿ ತೆರೆದು ನೋಡಿದರು. ಹೊರಗೆ ಉಪ್ಪಿನ ಬಯಲು, ಬೆಳ್ಳಗೆ. ಅಷ್ಟು ಬೆಳಕನ್ನು ನಾನು ಎಂದೂ ಕೊಟ್ಟಿರಲಿಲ್ಲ.

ಗಂಟ ಹಾಕ್ರಿ, ಎಂದಳು.

ದಾವಲಸಾಬ ಒತ್ತಿದ. ನಮ್ಮವರು ಕಟ್ ಎಂದರು. ಇನ್ನೊಂದು ಸಲ ಕಟ್ ಎಂದರು. ಆಮೇಲೆ ಎನ್ನಲಿಲ್ಲ.

ಹಳೆಯ ಗಂಟು ಬಿಚ್ಚಿತ್ತು, ಹೊಸದು ಬೀಳಲಿಲ್ಲ. ಆದರೆ ಕೊನೆಯ ಚಿತ್ರ ನನ್ನ ಮುಖದ ಮೇಲೆ ಹಾಗೇ ಉಳಿಯಿತು, ಬಂಗಾರದ ಅಂಗಿಯವಳು, ಬಿಳಿಯ ಬಯಲಿನ ಅಂಚಿನಲ್ಲಿ. ಯಾವ ಕೀಲಿ ಒತ್ತಿದರೂ ಅಲುಗಲಿಲ್ಲ. ಆರಿಸಿದರೆ ಹೋಗುತ್ತದೆ ಎಂದು ಯಾರೂ ಆರಿಸಲಿಲ್ಲ. ಗೆಳೆಯರು ತಲೆ ತಗ್ಗಿಸಿ ಮನೆಗೆ ಹೋದರು. ಕಸ್ತೂರಿ ನನ್ನೆದುರು ಕೂತೇ ಇದ್ದಳು, ಅವಳು ನನ್ನನ್ನು ನೋಡುತ್ತ, ನಾನು ಅವಳನ್ನು ನೋಡುತ್ತ. ದೀಪ ಹಚ್ಚುವ ಹೊತ್ತಿಗೆ ಓಣಿಯ ಕರೆಂಟು ಹೋಯಿತು. ಪಾಜಿ ಒಂದು ಬಿಳಿ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಗಿ ಹೋದಳು. ಕಸ್ತೂರಿ ಎದ್ದು ಬಾಗಿಲ ಹೊಸ್ತಿಲಿಗೆ ಹೋಗಿ ನಿಂತಳು. ಆ ಹೆಸರು ಇಂದಿಗೂ ನನ್ನ ಗಾಜಿನ ಮೇಲೆ ಓರೆಯಿಂದ ನೋಡಿದರೆ ಕಾಣುತ್ತದೆ ಎಂದು ಹೇಳುವ ಆಸೆ ನನಗೆ. ಕಾಣುವುದಿಲ್ಲ. ಇದು ಪೂರಾ ಸುಳ್ಳು.

ನಮ್ಮವರನ್ನು ಹುಬ್ಬಳ್ಳಿಯವರೆಗೆ ಒಯ್ದು ತೋರಿಸಿದರು. ಹೋಯಿತು ಎಂದರು. ನನ್ನ ಬೆನ್ನಿನ ತಿರುಪು ಬಿಚ್ಚಿ, ತಂತಿ ತೆಗೆದು, ಅವರನ್ನು ಗುಜರಿಯವನ ಗಾಡಿಗೆ ಹಾಕಿದರು. ಗಾಡಿಯವನು ನನ್ನನ್ನೂ ಕೇಳಿದ. ಎತ್ತಿ ನೋಡಿದ, ಕೆಳಗಿಟ್ಟ, ಸೊಂಟ ಹಿಡಿದುಕೊಂಡ. ಕಸ್ತೂರಿ, ಇದು ಇಲ್ಲೇ ಇರ್ಲಿ ಎಂದಳು. ಆ ತಂತಿಯನ್ನು ಸುರುಳಿ ಸುತ್ತಿ ನನ್ನ ತಲೆಯ ಮೇಲೇ ಇಟ್ಟಳು. ಯಾಕೆ ಇಟ್ಟಳೋ. ಕರೆಂಟು ಇದ್ದಿದ್ದರೆ ನನಗೆ ಏನಾದರೂ ಅನ್ನಿಸುತ್ತಿತ್ತೇನೋ.

ಈಗ ನಾನು ಅಂಗಡಿಯ ಮೂಲೆಯಲ್ಲಿ ಇದ್ದೇನೆ. ತಲೆಯ ಮೇಲೆ ತಂತಿ, ಅದರ ಮೇಲೆ ಮಾದರಿ ಪತ್ರಿಕೆಗಳ ಕಟ್ಟು. ಮೇಜಿನ ಮೇಲೆ ಹಪ್ಪಳದಂಥವಳು ಬಂದು ಕೂತಿದ್ದಾಳೆ. ನಿಂತರೆ ಗಾಳಿಗೆ ಬೀಳುವಂತಿದ್ದಾಳೆ, ಆದರೂ ಏನು ಬಿಂಕ. ನನಗೆ ಅವಳ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಅವಳೆದುರು ಕೂತವರ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ.

ಹೋದ ಭಾನುವಾರ ಗೆಳೆಯರಿಬ್ಬರೂ ಬಂದಿದ್ದರು. ಉಪ್ಪಿನ ಕೋಟೆಯ ಹಳೆಯ ಸಿ.ಡಿ. ಹೇಗೋ ಹೊಸ ಡಬ್ಬಿಯಲ್ಲಿ ಓಡಿತ್ತು. ಮೊದಲಿನಿಂದ ಶುರು, ನಾಲ್ವರ ತಂಡ ಕಟ್ಟಬೇಕು. ದಾವಲಸಾಬ ತನ್ನ ಸುಲ್ತಾನನನ್ನು ಮಾಡಿದ, ಪಲ್ಲಣ್ಣ ತನ್ನ ಆಚಾರಿಯನ್ನು. ಆಮೇಲೆ ಕೀಲಿಮಣೆ ಕಸ್ತೂರಿಯ ಕಡೆ ಸರಿಯಿತು. ಅದರ ಮೂಲೆಯಲ್ಲಿ ಹಸಿರು ದೀಪ ಹತ್ತಿದ್ದು ನನಗೆ ಕಂಡಿತು. ಅವರಿಬ್ಬರು ನೋಡಲಿಲ್ಲ. ಮೊದಲು ಪಾಜಿಯ ಹೆಸರು ಒತ್ತಿದಳು, ಒಂದು ಕೊಕ್ಕೆ ಕೂಡ ತಪ್ಪಲಿಲ್ಲವಂತೆ. ಅದ್ಹೆಂಗ ನೆನಪಿಟ್ಟ್ರಿ ವೈನಿ, ಎಂದು ದಾವಲಸಾಬ ಬೆರಗಾದ. ಅವಳು ನಾಲ್ಕನೆಯವನಿಗೆ ಹೋದಳು. ಕತ್ತಿಯವನು. ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಉಸಿರು ಹಿಡಿದು ಒತ್ತಿದಳು. ಒತ್ತಿ ಮುಗಿಸಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಪಲ್ಲಣ್ಣ ಬಗ್ಗಿ ಓದಿದ. ಸಿ, ಎ, ಝಡ್, ಆಮೇಲೆ ಬಿಲಾಯತಿ ಪೌಂಡಿನ ಗುರುತು, ಮತ್ತೇನೇನೋ. ದಾವಲಸಾಬ ಅದನ್ನೂ ಜೋಡಿಸಿ 'ಕಾಜಿ' ಎಂದ. ಪಾಜಿಗೆ ಕಾಜಿ, ಛಲೋ ಜೋಡಿ ಎಂದು ನಕ್ಕ. ಯಾರ ಹೆಸರ್ರೀ ಇದು ಎಂದು ಇಬ್ಬರೂ ಕೇಳಿದರು.

"ಪರದೇಶಿ ಹೆಸರು" ಎಂದಳು.

ತಂಡವನ್ನು ಸಾಲಾಗಿ ನಿಲ್ಲಿಸುವ ಹೊತ್ತು ಬಂತು. ಪಲ್ಲಣ್ಣ ರೂಢಿಯಂತೆ ಕತ್ತಿಯವನನ್ನು ಮುಂದಕ್ಕೆ ಸರಿಸಿದ. ಕಸ್ತೂರಿ ಬೇಡವೆಂದಳು.

"ಅವರನ್ನ ಹಿಂದ ನಿಲ್ಲಸ್ರಿ. ಪಾಜಿ ಮುಂದ ನಿಂದ್ರತಾಳ."

ಕತ್ತಿ ಹಿಡಿದವನು ಹಿಂದೆ ನಿಂತರೆ ಆಟ ಹೇಗೆ ನಡೆಯುತ್ತದೆ ಎಂದು ಇಬ್ಬರೂ ಜಗಳಕ್ಕೆ ಇಳಿದರು. ಆಟದಲ್ಲಿನ ಒಬ್ಬ ಕತ್ತಿಯವನಿಗೆ ವೈನಿ 'ಅವರನ್ನ' ಎಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ನನ್ನ ಕಿವಿಗೆ ಬಿತ್ತು. ಅವಳ ಮುಖದಲ್ಲಿ ಏನಿತ್ತು ಎಂದು ಕೇಳಬೇಡಿ. ನನ್ನ ಗಾಜಿನಲ್ಲಿ ಏನಿದೆಯೋ ಅಷ್ಟೇ ಇತ್ತು.

ನಾನು ಓದು ಬರದ ಮುದುಕಿ. ನೀವು ಅಕ್ಷರ ಕಲಿತವರು, ಇಷ್ಟೆಲ್ಲ ಕೇಳಿದ್ದೀರಿ. ಹೇಳಿ ನೋಡೋಣ, ಆ ಕಾಜಿ ಯಾರು?